ಜೆರಾಕ್ಸ್ ಯಂತ್ರದ ಬೆಲೆಗೆ ಹೋದ ಎಸೆತಗಾರ

ಮೊನ್ನೆ ಹಳೆಯ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬ್ಯಾಸ್ಕೆಟ್‌ಬಾಲ್ ಮಾತು ಬಂತು. ದೂರದ ಗೆರೆಯಾಚೆಯಿಂದ ಹಾಕುವ ಮೂರು ಅಂಕದ ಎಸೆತದಲ್ಲಿ ಯಾರು ದೊಡ್ಡವರು ಎಂದು ಪಟ್ಟಿ ಬೆಳೆಯುತ್ತಿತ್ತು. ಸ್ಟೀಫನ್ ಕರಿ, ರೇ ಅಲೆನ್, ರೆಜಿ ಮಿಲ್ಲರ್ ಆಗಿ ಹೋಗಿದ್ದರು. ನಾನು ಕೈಲ್ ಕೋರ್ವರ್ ಎಂದು ಹಾಕಿದೆ. ಅರೆ ನಿಮಿಷದಲ್ಲಿ ಉತ್ತರ ಬಂತು: "ಅವನಾ? ಅವನು ಬರೀ ಶೂಟರ್."

ಈ "ಬರೀ" ಎಂಬ ಎರಡಕ್ಷರ ನನಗೆ ಎರಡು ದಿನ ನಿದ್ದೆಗೆಡಿಸಿತು. ಬರೀ ಪಕ್ಕವಾದ್ಯದವನು, ಬರೀ ಪ್ರೂಫ್ ನೋಡುವವನು, ಬರೀ ಮದುವೆಮನೆಯ ಅಡುಗೆಯವನು. ಒಂದೇ ಕೆಲಸವನ್ನು ಲೋಕದ ಉಳಿದವರಿಗಿಂತ ಚೆನ್ನಾಗಿ ಮಾಡುವವರನ್ನು ಕಂಡರೆ ನಮಗೆ ಏನೋ ಕಸಿವಿಸಿ. ಗುಂಪಿನಲ್ಲಿ ಜಗಳವಾಡುವ ವಯಸ್ಸಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ಮೊದಲು ಜೆರಾಕ್ಸ್ ಯಂತ್ರದ ಕಥೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ, ಅದೇ ಡ್ರಾಫ್ಟ್. 2003ರ ಡ್ರಾಫ್ಟ್ ಎಂದರೆ ಲೆಬ್ರಾನ್ ಜೇಮ್ಸ್ ಮೊದಲನೆಯವನಾಗಿ ಬಂದ ವರ್ಷ. ಕಾರ್ಮೆಲೋ ಆ್ಯಂಟನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ಎಲ್ಲರೂ ಮೊದಲ ಐದರೊಳಗೆ. ಆ ರಾತ್ರಿ ಎರಡನೇ ಸುತ್ತಿನಲ್ಲಿ, ಟಿವಿ ನೋಡುವವರು ಮಲಗುವ ಹೊತ್ತಿಗೆ, ನ್ಯೂಜೆರ್ಸಿ ನೆಟ್ಸ್ ತಂಡ 51ನೆಯವನಾಗಿ ಕೈಲ್ ಕೋರ್ವರ್‌ನನ್ನು ಆರಿಸಿತು. ಆರಿಸಿದ ಕೈಯಲ್ಲೇ ಅವನ ಹಕ್ಕನ್ನು ಫಿಲಡೆಲ್ಫಿಯಾ 76ಅರ್ಸ್ ತಂಡಕ್ಕೆ 1,25,000 ಡಾಲರ್ ನಗದಿಗೆ ಮಾರಿತು. ಆ ಹಣದಲ್ಲಿ ನೆಟ್ಸ್ ತಮ್ಮ ಬೇಸಿಗೆ ಲೀಗ್ ತಂಡದ ಖರ್ಚು ತೂಗಿಸಿತು. ಮಿಕ್ಕಿದ್ದರಲ್ಲಿ ಕಚೇರಿಗೆ ಒಂದು ಜೆರಾಕ್ಸ್ ಯಂತ್ರ ಕೊಂಡಿತು. ಇದು ಯಾರೋ ಕಟ್ಟಿದ ಗೇಲಿಯಲ್ಲ, ಕೋರ್ವರ್ ತಾನೇ ಎಷ್ಟೋ ಸಲ ನಗುತ್ತ ಹೇಳಿಕೊಂಡಿದ್ದಾನೆ.

ಅವನು ಹುಟ್ಟಿದ್ದು 1981ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಬೆಳೆದದ್ದು ಅಯೋವಾ ರಾಜ್ಯದ ಪೆಲ್ಲಾ ಎಂಬ ಸಣ್ಣ ಊರಿನಲ್ಲಿ. ಹಾಲೆಂಡಿನಿಂದ ಬಂದವರು ಕಟ್ಟಿದ ಊರು ಅದು. ಈಗಲೂ ಅಲ್ಲಿ ಗಾಳಿಯಂತ್ರವಿದೆ, ಪ್ರತಿ ಮೇ ತಿಂಗಳಲ್ಲಿ ಟ್ಯುಲಿಪ್ ಹೂವಿನ ಹಬ್ಬ ನಡೆಯುತ್ತದೆ. ಅಪ್ಪ ಚರ್ಚಿನ ಪಾದ್ರಿ. ಮನೆಯಲ್ಲಿ ನಾಲ್ವರು ಗಂಡುಮಕ್ಕಳು, ನಾಲ್ವರೂ ಕಾಲೇಜು ಮಟ್ಟದ ಮೊದಲ ದರ್ಜೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಆದರೆ ಆ ಮನೆಯ ನಿಜವಾದ ದಾಖಲೆ ಅಮ್ಮನದು. ಆಕೆ ಹೈಸ್ಕೂಲಿನಲ್ಲಿದ್ದಾಗ ಒಂದೇ ಪಂದ್ಯದಲ್ಲಿ 73 ಅಂಕ ಗಳಿಸಿದ್ದರು. ಅಯೋವಾದಲ್ಲಿ ಆ ಕಾಲದ ಹುಡುಗಿಯರ ಆಟವೇ ಬೇರೆ ಬಗೆಯದು. ತಂಡಕ್ಕೆ ಆರು ಮಂದಿ. ಮೂವರು ಅಂಕಣದ ಒಂದು ಅರ್ಧದಲ್ಲಿ ನಿಂತು ಎಸೆಯುವವರು, ಮೂವರು ಇನ್ನೊಂದು ಅರ್ಧದಲ್ಲಿ ತಡೆಯುವವರು, ನಡುಗೆರೆ ದಾಟುವಂತಿಲ್ಲ. ಚೆಂಡು ಹಿಡಿದವಳು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಮಗ ಎನ್‌ಬಿಎಯಲ್ಲಿ ಹದಿನೇಳು ವರ್ಷ ಆಡಿದ್ದೂ ಹೆಚ್ಚುಕಡಿಮೆ ಇದೇ ಆಟವನ್ನು. ಚೆಂಡು ಬಂತು, ಹಿಡಿದ, ಎಸೆದ. ಪುಟಿಸುವ ಗೊಡವೆಗೆ ಹೋದದ್ದೇ ಕಡಿಮೆ. ಅಮ್ಮನ ಕಾಲದ ನಿಯಮವನ್ನು ಯಾರೂ ಹೇಳದೆಯೇ ಪಾಲಿಸಿಕೊಂಡು ಬಂದನೇನೋ ಎಂದು ನನಗೆ ಅನ್ನಿಸುವುದುಂಟು.

ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳು ಅವನ ಬೆನ್ನು ಹತ್ತಲಿಲ್ಲ. ತೆಳ್ಳಗೆ, ಉದ್ದಕ್ಕೆ, ಓಟದಲ್ಲಿ ಅಂಥ ಚುರುಕಿಲ್ಲದ, ಜಿಗಿತದಲ್ಲಿ ಯಾರ ಎದೆಯನ್ನೂ ನಡುಗಿಸದ ಹುಡುಗ. ಅವನು 1999ರಲ್ಲಿ ಸೇರಿದ್ದು ಪಕ್ಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿರುವ ಕ್ರೈಟನ್ ವಿಶ್ವವಿದ್ಯಾಲಯವನ್ನು. ಜೆಸ್ಯೂಟ್ ಪಾದ್ರಿಗಳ ಸಂಸ್ಥೆ ಅದು. ಮಂಗಳೂರಿನ ಅಲೋಶಿಯಸ್, ಬೆಂಗಳೂರಿನ ಜೋಸೆಫ್ಸ್ ಕಾಲೇಜುಗಳನ್ನು ನಡೆಸುವ ಅದೇ ಸಂಘದವರದು. ಅಮೆರಿಕದ ಲೆಕ್ಕದಲ್ಲಿ ಕ್ರೈಟನ್ ಮಧ್ಯಮ ಗಾತ್ರದ ಕಾಲೇಜು. ಅದು ಆಗ ಆಡುತ್ತಿದ್ದ ಮಿಸೌರಿ ವ್ಯಾಲಿ ಎಂಬ ಕಾಲೇಜುಗಳ ಕೂಟದ ಪಂದ್ಯಗಳು ದೇಶದ ಟಿವಿಯಲ್ಲಿ ಕಾಣುತ್ತಿದ್ದುದೇ ಅಪರೂಪ. ತರಬೇತುದಾರ ಡೇನಾ ಆಲ್ಟ್‌ಮನ್.

ಅಲ್ಲಿ ನಾಲ್ಕು ವರ್ಷ ಪೂರ್ತಿ ಆಡಿದ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅವನ ಜೊತೆ ಆಯ್ಕೆಯಾದ ದೊಡ್ಡವರಲ್ಲಿ ಲೆಬ್ರಾನ್ ಕಾಲೇಜಿನ ಮುಖವನ್ನೇ ನೋಡಲಿಲ್ಲ, ಕಾರ್ಮೆಲೋ ಮತ್ತು ಬಾಷ್ ಒಂದೊಂದೇ ವರ್ಷ ಇದ್ದರು. ಕೋರ್ವರ್ ನಾಲ್ಕು ವರ್ಷದಲ್ಲಿ 371 ತ್ರೀ ಪಾಯಿಂಟರ್, ಅಂದರೆ ಮೂರು ಅಂಕದ ಎಸೆತ, ಹಾಕಿದ, ಅದೂ ನೂರಕ್ಕೆ ನಲವತ್ತೈದರ ದರದಲ್ಲಿ. 2002 ಮತ್ತು 2003ರಲ್ಲಿ ಸತತವಾಗಿ ಕೂಟದ ವರ್ಷದ ಆಟಗಾರನಾದ. ಕೊನೆಯ ವರ್ಷ ಕ್ರೈಟನ್ 29 ಪಂದ್ಯ ಗೆದ್ದು ಐದನ್ನು ಮಾತ್ರ ಸೋತಿತು. ಆ ಐದರಲ್ಲಿ ಕೊನೆಯದು ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನದು, ತಮಗಿಂತ ಕೆಳಗಿನ ಶ್ರೇಯಾಂಕದ ಸೆಂಟ್ರಲ್ ಮಿಷಿಗನ್ ಎದುರು. ಅಂದು ಅವರನ್ನು ಕೆಡವಿದ ಏಳಡಿ ಎತ್ತರದ ಕ್ರಿಸ್ ಕೇಮನ್ ಮೂರು ತಿಂಗಳ ನಂತರದ ಡ್ರಾಫ್ಟ್‌ನಲ್ಲಿ ಆರನೆಯವನಾಗಿ ಹೋದ. ಕೋರ್ವರ್ ಐವತ್ತೊಂದನೆಯವನಾಗಿ.

ತಂಡದವರು ದಡ್ಡರಾಗಿರಲಿಲ್ಲ, ಅವರ ಅನುಮಾನಕ್ಕೆ ಕಾರಣವಿತ್ತು. ಆಗ ಕಾಲೇಜಿನ ಮೂರಂಕದ ಗೆರೆ ರಿಂಗ್‌ನಿಂದ 19 ಅಡಿ 9 ಅಂಗುಲ ದೂರ. ಎನ್‌ಬಿಎಯದು ನೆತ್ತಿಯ ಭಾಗದಲ್ಲಿ 23 ಅಡಿ 9 ಅಂಗುಲ. ನಾಲ್ಕು ಅಡಿ ಹೆಚ್ಚು ಎಂದರೆ ಕಾಗದದ ಮೇಲೆ ಏನೂ ಅಲ್ಲ, ಕೈಯಲ್ಲಿ ಚೆಂಡು ಹಿಡಿದು ನಿಂತಾಗ ಮಾತ್ರ ಗೊತ್ತಾಗುತ್ತದೆ. ಅಲ್ಲಿ ಮಣಿಕಟ್ಟಿನ ಆಟ ನಡೆಯುವುದಿಲ್ಲ, ಬಲ ಕಾಲಿನಿಂದ ಬರಬೇಕು. ಮೇಲಾಗಿ ಎದುರಿಗಿರುವವನು ಕಾಲೇಜಿನವನಿಗಿಂತ ಒಂದು ಗೇಣು ಎತ್ತರ.

ಫಿಲಡೆಲ್ಫಿಯಾದಲ್ಲಿ ಆಗ ಅಲೆನ್ ಐವರ್ಸನ್‌ನ ದರ್ಬಾರು. ಎರಡನೇ ವರ್ಷ ಜಿಮ್ ಒ'ಬ್ರಿಯನ್ ತರಬೇತುದಾರನಾಗಿ ಬಂದು, ಜಾಗ ಸಿಕ್ಕಲ್ಲೆಲ್ಲ ಎಸೆ ಎಂದು ಬಿಟ್ಟುಬಿಟ್ಟ. ಆ 2004–05ರ ಋತುವಿನಲ್ಲಿ ಕೋರ್ವರ್ 226 ತ್ರೀ ಪಾಯಿಂಟರ್ ಹಾಕಿ, ಕ್ವೆಂಟಿನ್ ರಿಚರ್ಡ್‌ಸನ್ ಜೊತೆ ಸಮವಾಗಿ ಇಡೀ ಲೀಗ್‌ಗೆ ಮೊದಲಿಗನಾದ. ಜೆರಾಕ್ಸ್ ಯಂತ್ರ ಕೊಂಡು ಇನ್ನೂ ಎರಡು ವರ್ಷವಾಗಿರಲಿಲ್ಲ.

2007ರ ಕೊನೆಗೆ ಅವನನ್ನು ಯೂಟಾ ಜಾಝ್ ತಂಡಕ್ಕೆ ಕಳಿಸಿದರು. ಅಲ್ಲಿ, 2009–10ರಲ್ಲಿ, ಅವನ ಹೆಸರಿನ ಪಕ್ಕದಲ್ಲಿ ಇಂದಿಗೂ ಇರುವ ದಾಖಲೆ ಹುಟ್ಟಿತು: ಒಂದು ಋತುವಿನಲ್ಲಿ ಶೇ 53.6 ತ್ರೀ ಪಾಯಿಂಟರ್. ನನ್ನ ಪಕ್ಷಕ್ಕೆ ವಿರುದ್ಧವಾದರೂ ನಿಜ ಹೇಳಿಬಿಡುತ್ತೇನೆ, ಈ ದಾಖಲೆಯ ಮೇಲೆ ನನಗೆ ಅಂಥ ಮೋಹವಿಲ್ಲ. ಆ ವರ್ಷ ಮಂಡಿಯ ಶಸ್ತ್ರಚಿಕಿತ್ಸೆಯಿಂದಾಗಿ ಅವನು ಆಡಿದ್ದೇ 52 ಪಂದ್ಯ. ಎಸೆದದ್ದು 110, ಬಿದ್ದದ್ದು 59. ಪಟ್ಟಿಯಲ್ಲಿ ಹೆಸರು ಬರಲು ಆಗ 55 ಬೀಳಬೇಕಿತ್ತು, ಇವನು ನಾಲ್ಕು ಹೆಚ್ಚು ಹಾಕಿದ, ಅಷ್ಟೇ. ಇದಕ್ಕೆ ಮುಂಚಿನ ದಾಖಲೆ ಸ್ಟೀವ್ ಕರ್‌ನದು, 1994–95ರಲ್ಲಿ ಶೇ 52.4. ಆದರೆ ಎನ್‌ಬಿಎ ಗೆರೆಯನ್ನು 22 ಅಡಿಗೆ ಎಳೆದುಕೊಂಡಿದ್ದ ವರ್ಷಗಳವು. ಕೋರ್ವರ್ ಎಸೆದದ್ದು ಪೂರ್ತಿ ದೂರದಿಂದ. ಮೋಹವಿಲ್ಲ ಎಂದು ಹೇಳಿ ಸಮರ್ಥನೆಗೂ ಇಳಿದುಬಿಟ್ಟೆ, ಇರಲಿ.

ಮುಂದಿನ ಎರಡು ವರ್ಷ ಷಿಕಾಗೊ ಬುಲ್ಸ್. 2012ರಲ್ಲಿ ಬುಲ್ಸ್ ಅವನನ್ನು ಅಟ್ಲಾಂಟಾ ಹಾಕ್ಸ್‌ಗೆ ಕೊಟ್ಟಿತು. ಬದಲಿಗೆ ಯಾವ ಆಟಗಾರನೂ ಬರಲಿಲ್ಲ, ಬಂದದ್ದು ನಗದು. ಅಂದರೆ ಒಂದೇ ಬದುಕಿನಲ್ಲಿ ಎರಡನೇ ಸಲ ಅವನು ದುಡ್ಡಿಗೆ ಹೋದ. ಈ ಸಲ ಬುಲ್ಸ್ ಏನು ಕೊಂಡರೋ. ಅವನಿಗೆ ಆಗ 31 ವರ್ಷ. ಎಸೆತಗಾರನ ಒಳ್ಳೆಯ ದಿನಗಳು ಮುಗಿದವು ಎಂದು ಬರೆಯುವ ವಯಸ್ಸು.

ನಾನು ಅವನನ್ನು ನಿಜವಾಗಿ ನೋಡಲು ಕಲಿತದ್ದು ಅಟ್ಲಾಂಟಾದ ದಿನಗಳಲ್ಲಿ. ಅದಕ್ಕೆ ಮೊದಲು ಸ್ವಂತದ್ದೊಂದು ಸಂಗತಿ ಹೇಳಬೇಕು. ಕಾಲೇಜಿನಲ್ಲಿ ನಾನೂ ಆಡುತ್ತಿದ್ದೆ. ಮಣ್ಣಿನ ಅಂಕಣ, ಬಲೆಯಿಲ್ಲದ ರಿಂಗ್. ಬಲೆಯಿಲ್ಲದ ರಿಂಗ್‌ನಲ್ಲಿ ದೂರದಿಂದ ಎಸೆದರೆ ಚೆಂಡು ಒಳಗಿನಿಂದ ಹೋಯಿತೋ ಪಕ್ಕದಿಂದ ಹೋಯಿತೋ ಎಂದು ಎರಡೂ ತಂಡ ವಾದಕ್ಕೆ ನಿಲ್ಲುತ್ತಿದ್ದವು. ನಮಗೆ ಹೇಳಿಕೊಡುತ್ತಿದ್ದ ಮೇಷ್ಟ್ರು ನನಗೆ ದಿನಾ ಒಂದೇ ಮಾತು ಹೇಳುತ್ತಿದ್ದರು: "ಚೆಂಡು ಬರಲಿ ಬಿಡಲಿ, ನೀನು ಓಡು. ನಿಂತೆಯೋ, ನಿನ್ನನ್ನು ಕಾಯುವವನು ಬೇರೆಯವರ ಮೇಲೆ ಹೋಗಿ ಬೀಳುತ್ತಾನೆ." ನನಗೆ ಸಿಟ್ಟು ಬರುತ್ತಿತ್ತು. ಚೆಂಡು ಸಿಗದ ಓಟ ಯಾವ ಸುಖಕ್ಕೆ? ಎರಡನೇ ವರ್ಷ ನಾನು ತಂಡ ಬಿಟ್ಟೆ. ಮೇಷ್ಟ್ರು ಹೇಳಿದ್ದು ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು, ಅದನ್ನು ಅರ್ಥ ಮಾಡಿಸಿದವನು ಈ ಅಯೋವಾದವನು.

ಕೋರ್ವರ್ ಆಡುವುದನ್ನು ನೋಡುವಾಗ ಚೆಂಡನ್ನು ನೋಡಬಾರದು. ಅವನನ್ನೇ ನೋಡಬೇಕು. ಅಡಿಗೆರೆಯ ಹತ್ತಿರ ಸುಮ್ಮನೆ ನಿಂತಿರುವಂತೆ ಕಾಣುತ್ತಾನೆ. ಒಮ್ಮೆಗೇ ಎರಡು ಹೆಜ್ಜೆ ಒಳಕ್ಕೆ, ಅಲ್ಲಿಂದ ತನ್ನದೇ ತಂಡದ ಆಲ್ ಹಾರ್ಫರ್ಡ್‌ನ ಭುಜಕ್ಕೆ ತನ್ನ ಭುಜ ಸವರುವಷ್ಟು ಹತ್ತಿರದಿಂದ ಹೊರಕ್ಕೆ. ಬೆನ್ನಟ್ಟಿ ಬಂದವನು ಹಾರ್ಫರ್ಡ್‌ನ ಎದೆಗೆ ಡಿಕ್ಕಿ. ಈಗ ಎದುರಾಳಿಗಳ ಮುಂದೆ ಇಕ್ಕಟ್ಟು: ಹಾರ್ಫರ್ಡ್‌ನನ್ನು ಕಾಯುತ್ತಿದ್ದವನು ಅವನನ್ನು ಬಿಟ್ಟು ಕೋರ್ವರ್ ಕಡೆ ಹಾರಿದರೆ ಹಾರ್ಫರ್ಡ್ ರಿಂಗ್ ಕೆಳಗೆ ಒಂಟಿ, ಹಾರದಿದ್ದರೆ ಮೂರು ಅಂಕ. ಬಹುತೇಕ ಎಲ್ಲರೂ ಹಾರುತ್ತಿದ್ದರು. ಹಾರ್ಫರ್ಡ್ ಸುಲಭವಾಗಿ ಎರಡು ಅಂಕ ಹಾಕುತ್ತಿದ್ದ. ಅಂಕಪಟ್ಟಿಯಲ್ಲಿ ಕೋರ್ವರ್ ಹೆಸರಿನ ಮುಂದೆ ಏನೂ ಬರುತ್ತಿರಲಿಲ್ಲ, ಅಂಕ ಹಾಕಿದವನಿಗೆ ಚೆಂಡು ಕೊಟ್ಟದ್ದಕ್ಕೆ ಸಿಗುವ ಅಸಿಸ್ಟ್ ಕೂಡ. ಚೆಂಡನ್ನು ಮುಟ್ಟಿದ್ದರೆ ತಾನೆ?

2013ರಿಂದ ಎಲ್ಲ ಎನ್‌ಬಿಎ ಕ್ರೀಡಾಂಗಣಗಳ ಮಾಡಿನಲ್ಲಿ ಕ್ಯಾಮೆರಾ ಕೂತವು. ಆಟಗಾರರ ಪ್ರತಿ ಹೆಜ್ಜೆಯನ್ನೂ ಅಳೆಯತೊಡಗಿದರು. ಚೆಂಡಿಲ್ಲದ ಆಟಗಾರ ಎದುರಾಳಿಯನ್ನು ಎಷ್ಟು ತನ್ನ ಕಡೆ ಸೆಳೆದುಕೊಂಡಿರುತ್ತಾನೆ ಎಂಬ ಲೆಕ್ಕಕ್ಕೆ ಅವರು ಇಟ್ಟ ಹೆಸರು ಗುರುತ್ವಾಕರ್ಷಣೆ. ಆ ಲೆಕ್ಕದಲ್ಲಿ ಕೋರ್ವರ್ ಲೀಗ್‌ನ ಮುಂಚೂಣಿಯಲ್ಲಿದ್ದ. ನಮ್ಮ ಮೇಷ್ಟ್ರ ಬಳಿ ಕ್ಯಾಮೆರಾ ಇರಲಿಲ್ಲ, ಒಂದು ಸೀಟಿ ಇತ್ತು.

ಇನ್ನು ಎಸೆತ. ಅವನ ಬಳಿ ಇಪ್ಪತ್ತು ಅಂಶಗಳ ಒಂದು ಪಟ್ಟಿ ಇತ್ತು. ಪಾದಗಳು ಅಗಲವಾಗಿರಬೇಕು, ಹೊಟ್ಟೆಯ ಸ್ನಾಯು ಬಿಗಿಯಾಗಿರಬೇಕು, ಮೊಣಕೈ ನೆಟ್ಟಗಿರಬೇಕು, ಹೀಗೆ. ಎಸೆತ ಕೆಡಲು ಶುರುವಾದರೆ ಪಟ್ಟಿ ಹಿಡಿದು ಯಾವ ಅಂಶ ಜಾರಿದೆ ಎಂದು ಹುಡುಕುತ್ತಿದ್ದ. ನಮ್ಮಲ್ಲಿ ಕೆಲವರು ಇದನ್ನು ಓದಿ ಯಾಂತ್ರಿಕ ಎಂದು ಮೂಗು ಮುರಿಯುತ್ತಾರೆ. ದಿನವೂ ಬೆಳಿಗ್ಗೆ ತಂಬೂರಿ ಶ್ರುತಿ ಮಾಡಿಕೊಳ್ಳುವವರನ್ನು ಯಾರೂ ಯಾಂತ್ರಿಕ ಎನ್ನುವುದಿಲ್ಲ.

ಫಲ ಹೀಗಿತ್ತು. 2012ರ ನವೆಂಬರ್‌ನಿಂದ 2014ರ ಮಾರ್ಚ್‌ವರೆಗೆ ಆಡಿದ 127 ಸತತ ಪಂದ್ಯಗಳಲ್ಲಿ ಅವನು ಕನಿಷ್ಠ ಒಂದು ತ್ರೀ ಪಾಯಿಂಟರ್ ಹಾಕಿದ. ಅದಕ್ಕೆ ಮೊದಲಿನ ದಾಖಲೆ ಡೇನಾ ಬ್ಯಾರೋಸ್‌ನ 89. ಪೋರ್ಟ್‌ಲೆಂಡ್‌ನಲ್ಲಿ ಸರಣಿ ಮುರಿಯಿತು. ಮುಂದೆ ಕರಿ ಅದನ್ನೂ ದಾಟಿ ಬಹಳ ದೂರ ಹೋದ, ಅವನ ಮಾತು ಬಿಡಿ, ಅವನು ಬೇರೆ ಜಾತಿಯ ಪ್ರಾಣಿ.

ಆದರೆ ನನಗೆ ಪ್ರಿಯವಾದದ್ದು 2014–15. ಮೈಕ್ ಬುಡನ್‌ಹೋಲ್ಜರ್ ತರಬೇತಿಯ ಹಾಕ್ಸ್‌ನಲ್ಲಿ ಗೋಡೆಗೆ ಪೋಸ್ಟರ್ ಅಂಟಿಸುವಂಥ ತಾರೆ ಒಬ್ಬನೂ ಇರಲಿಲ್ಲ. ಜೆಫ್ ಟೀಗ್, ಕೋರ್ವರ್, ಡೆಮಾರೆ ಕ್ಯಾರೊಲ್, ಪಾಲ್ ಮಿಲ್ಸಾಪ್, ಹಾರ್ಫರ್ಡ್. ಜನವರಿಯಲ್ಲಿ 17 ಪಂದ್ಯ ಆಡಿ 17ನ್ನೂ ಗೆದ್ದರು. ಪೂರ್ವ ವಿಭಾಗದ ತಿಂಗಳ ಆಟಗಾರ ಯಾರು ಎಂದು ಹೇಳಲಾಗದೆ ಎನ್‌ಬಿಎ ಐವರಿಗೂ ಸೇರಿಸಿ ಪ್ರಶಸ್ತಿ ಕೊಟ್ಟಿತು. ಋತು ಮುಗಿದಾಗ 60 ಗೆಲುವು. ಕೋರ್ವರ್ 449 ಎಸೆದು 221 ಹಾಕಿದ, ಶೇ 49.2. ಯೂಟಾದ ಆ 59ಕ್ಕಿಂತ ಈ 221 ನನ್ನ ಕಣ್ಣಿಗೆ ದೊಡ್ಡದು. ಗಾಯಗೊಂಡ ವೇಡ್ ಬದಲಿಗೆ, ಲೀಗ್‌ನ ಆಯ್ದ ತಾರೆಯರು ಆಡುವ ಆಲ್‌ಸ್ಟಾರ್ ಪಂದ್ಯಕ್ಕೆ ಕರೆ ಬಂತು, ಮೊದಲ ಸಲ, 33ನೇ ವಯಸ್ಸಿನಲ್ಲಿ. ಆ ಋತುವಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 12.1 ಅಂಕ. ಹನ್ನೆರಡು ಅಂಕದವನನ್ನು ಆಲ್‌ಸ್ಟಾರ್ ಮಾಡಿದರು ಎಂದರೆ, ಅಂಕಪಟ್ಟಿಯಲ್ಲಿ ಕಾಣದ್ದನ್ನೂ ಯಾರೋ ನೋಡಿದ್ದರು.

ಇದೇ ಅವಧಿಯಲ್ಲಿ ಅವನಿಗೊಂದು ವಿಚಿತ್ರ ಹುಚ್ಚಿತ್ತು. ವರ್ಷಕ್ಕೊಮ್ಮೆ, ಮುಗಿಸಲು ಸಾಧ್ಯವೇ ಎಂದು ಖಾತ್ರಿಯಿಲ್ಲದ ಒಂದು ಕೆಲಸಕ್ಕೆ ಕೈಹಾಕುವುದು. ಜಪಾನಿನ ಶಿಂಟೋ ಆಚರಣೆಯಿಂದ ತೆಗೆದುಕೊಂಡ ಹೆಸರು, ಮಿಸೋಗಿ. ಒಂದು ವರ್ಷ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಹಲಗೆಯ ಮೇಲೆ ನಿಂತು ಹುಟ್ಟುಹಾಕುತ್ತ 25 ಮೈಲಿ ಬಂದ. ಮರುವರ್ಷ ಗೆಳೆಯರ ಜೊತೆ ಸರದಿಯಲ್ಲಿ 85 ಪೌಂಡಿನ ಬಂಡೆ ಎತ್ತಿಕೊಂಡು ಸಮುದ್ರದ ತಳದಲ್ಲಿ ಐದು ಕಿಲೋಮೀಟರ್ ಓಡಿದ. ನನಗೆ ಇದರಲ್ಲಿ ಸ್ವಲ್ಪ ಅತಿ ಕಾಣುತ್ತದೆ. ಎರಡು ಹೊತ್ತು ಊಟ, ತಲೆಯ ಮೇಲೆ ಸೂರು ಖಾತ್ರಿ ಇದ್ದವರು ಕಷ್ಟವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಕಷ್ಟ ತಾನಾಗಿಯೂ ಬಂತು. ಆ 60 ಗೆಲುವಿನ ವರ್ಷವೇ ಪೂರ್ವ ವಿಭಾಗದ ಫೈನಲ್‌ನ ಎರಡನೇ ಪಂದ್ಯದಲ್ಲಿ, ಉರುಳುತ್ತಿದ್ದ ಚೆಂಡಿಗಾಗಿ ಬಿದ್ದ ಕ್ಲೀವ್‌ಲೆಂಡ್‌ನ ಮ್ಯಾಥ್ಯೂ ಡೆಲ್ಲವೆಡೋವಾ ಅವನ ಕಾಲಿನ ಮೇಲೆ ಹೊರಳಿದ. ಹಿಮ್ಮಡಿಯ ಗಂಟು ಹೋಯಿತು. ಹಾಕ್ಸ್ ನಾಲ್ಕಕ್ಕೆ ನಾಲ್ಕೂ ಸೋತಿತು.

ಎರಡು ವರ್ಷದ ನಂತರ ಅದೇ ಕ್ಲೀವ್‌ಲೆಂಡ್ ಅವನನ್ನು ಕರೆಸಿಕೊಂಡಿತು. 2017ರ ಫೈನಲ್‌ನ ಮೂರನೇ ಪಂದ್ಯ ನಮಗೆ ಜೂನ್ 8ರ ಬೆಳಿಗ್ಗೆ ಆರೂವರೆಗೆ. ನಾನು ಕಚೇರಿಗೆ ತಡವಾಗಿ ಬರುತ್ತೇನೆ ಎಂದು ಹಿಂದಿನ ದಿನವೇ ಹೇಳಿದ್ದೆ, ಕಾರಣ ಮಾತ್ರ ಬೇರೆ ಕೊಟ್ಟಿದ್ದೆ. ಗೋಲ್ಡನ್ ಸ್ಟೇಟ್ ಮೊದಲ ಎರಡು ಪಂದ್ಯ ಗೆದ್ದಿತ್ತು. ಇದರಲ್ಲಿ ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ಕ್ಲೀವ್‌ಲೆಂಡ್ 113–111ರಿಂದ ಮುಂದಿತ್ತು. ಲೆಬ್ರಾನ್ ಒಳಕ್ಕೆ ನುಗ್ಗಿದ, ಮೂವರು ಅವನತ್ತ ತಿರುಗಿದರು, ಚೆಂಡು ಮೂಲೆಗೆ ಬಂತು. ಮೂಲೆಯಲ್ಲಿ ಕೋರ್ವರ್. ಪಾದ ಅಗಲ, ಮೊಣಕೈ ನೆಟ್ಟಗೆ. ಕುರ್ಚಿಯಿಂದ ನಾನು ಆಗಲೇ ಎದ್ದಿದ್ದೆ.

ಬೀಳಲಿಲ್ಲ. ಮರಳಿದ ಚೆಂಡನ್ನು ಕೆವಿನ್ ಡ್ಯುರಾಂಟ್ ಹಿಡಿದ, ತಾನೇ ಒಯ್ದ, ಆ ತುದಿಯ ಗೆರೆಯಾಚೆ ನಿಂತು ಲೆಬ್ರಾನ್ ತಲೆಯ ಮೇಲಿಂದ ಎಸೆದ. ಅದು ಬಿತ್ತು. 118–113. ಸರಣಿಯ ಕಥೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಗೆಳೆಯ "ಬರೀ ಶೂಟರ್" ಎಂದದ್ದರ ಹಿಂದೆ ಈ ಎಸೆತವೂ ಇರಬೇಕು. ಎಸೆಯುವುದೊಂದೇ ಕೆಲಸ, ಅದೂ ಆಗಲಿಲ್ಲವಲ್ಲ ಎಂಬ ಮಾತು. ಬದುಕಿಡೀ ಅವನ ದರ ಶೇ 42.9. ಮೂರು ಸಾವಿರಕ್ಕೂ ಹೆಚ್ಚು ಎಸೆತಗಳು ಬೀಳಲಿಲ್ಲ. ಈ ಕಸುಬಿನ ಅತ್ಯುತ್ತಮರೂ ಸೋಲುವುದೇ ಹೆಚ್ಚು, ಅವರ ಸೋಲು ಉಳಿದವರದಕ್ಕಿಂತ ಸ್ವಲ್ಪ ಕಡಿಮೆ. ಆ ಮೂಲೆಯಲ್ಲಿ ನಿಲ್ಲಿಸಲು ಅಂದು ಲೋಕದಲ್ಲಿ ಯಾರನ್ನು ಆರಿಸಿಕೊಳ್ಳುತ್ತೀರಿ ಎಂದು ಲೆಬ್ರಾನ್‌ನನ್ನು ಕೇಳಿದ್ದರೂ ಅವನು ಹುಡುಕಾಡಬೇಕಿರಲಿಲ್ಲ. ಅದಕ್ಕಾಗಿಯೇ ಚೆಂಡು ಅಲ್ಲಿಗೆ ಹೋದದ್ದು. ಹಾಗೆಂದು ಕೋರ್ವರ್‌ನನ್ನು ಪರಿಪೂರ್ಣ ಆಟಗಾರ ಎನ್ನುವಷ್ಟು ಕುರುಡು ನನಗಿಲ್ಲ. ವಯಸ್ಸಾದಂತೆ ವೇಗದ ಹುಡುಗರು ಅವನನ್ನು ಹುಡುಕಿ ಹುಡುಕಿ ದಾಳಿ ಮಾಡುತ್ತಿದ್ದರು, ಅವನಿಂದ ತಡೆಯಲು ಆಗುತ್ತಿರಲಿಲ್ಲ.

2018ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. ಅದೇ ವರ್ಷ ಮಾರ್ಚ್‌ನಲ್ಲಿ ಅವನ ಕೊನೆಯ ತಮ್ಮ, ಇಪ್ಪತ್ತೇಳರ ಹುಡುಗ, ತೀರಿಕೊಂಡಿದ್ದ.

ಮತ್ತೆ ಯೂಟಾಕ್ಕೆ ಹೋದ ಮೇಲೆ, 2019ರ ಏಪ್ರಿಲ್‌ನಲ್ಲಿ ಅವನೊಂದು ದೀರ್ಘ ಲೇಖನ ಬರೆದ. ನಾಲ್ಕು ವರ್ಷ ಹಿಂದೆ ಹಾಕ್ಸ್‌ನಲ್ಲಿ ಅವನ ಜೊತೆಗಾರನಾಗಿದ್ದ, ಸ್ವಿಟ್ಜರ್ಲೆಂಡಿನ ಕಪ್ಪು ಆಟಗಾರ ಥಾಬೋ ಸೆಫೊಲೋಷಾನನ್ನು ನ್ಯೂಯಾರ್ಕ್ ಪೊಲೀಸರು ಒಂದು ಕ್ಲಬ್ ಹೊರಗೆ ಬಂಧಿಸಿದ್ದರು, ಅದರಲ್ಲಿ ಅವನ ಕಾಲಿನ ಮೂಳೆ ಮುರಿದಿತ್ತು. ಮುಂದೆ ನ್ಯಾಯಾಲಯ ಸೆಫೊಲೋಷಾ ನಿರ್ದೋಷಿ ಎಂದಿತು. ಸುದ್ದಿ ಕೇಳಿದ ಕ್ಷಣ ತನಗೆ ಬಂದ ಮೊದಲ ಯೋಚನೆ, ಮರುದಿನ ಪಂದ್ಯವಿರುವಾಗ ಇವನು ಅಲ್ಲಿಗೇಕೆ ಹೋಗಿದ್ದ ಎಂಬುದಾಗಿತ್ತು ಎಂದು ಕೋರ್ವರ್ ಒಪ್ಪಿಕೊಂಡ. ಗೆಳೆಯನ ಕಾಲು ಮುರಿದಾಗಲೂ ತಪ್ಪನ್ನು ಗೆಳೆಯನಲ್ಲೇ ಹುಡುಕಿದೆ, ನಾನು ಬಿಳಿಯನಾದ್ದರಿಂದ ಅಲ್ಲಿದ್ದರೂ ನನಗೆ ಹಾಗಾಗುತ್ತಿರಲಿಲ್ಲ ಎಂಬರ್ಥದಲ್ಲಿ ಬರೆದ. ಅನ್ಯಾಯವನ್ನು ಖಂಡಿಸಿ ಬರೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತನ್ನ ತಲೆಯೊಳಗಿನ ಸಣ್ಣತನವನ್ನು ಹೆಸರಿಟ್ಟು ಬರೆಯುವವರನ್ನು ನಾನು ಕಂಡದ್ದು ಕಡಿಮೆ. ಜಾತಿಯ ಬಗ್ಗೆ ನಮ್ಮಂಥವರು ಹೀಗೆ ಒಂದು ಪುಟ ಬರೆದಿದ್ದೇವೆಯೇ ಎಂದು ಆ ದಿನ ಯೋಚಿಸಿದೆ. ನಾನಂತೂ ಬರೆದಿಲ್ಲ.

ಕೊನೆಯ ಋತು ಮಿಲ್ವಾಕಿ ಬಕ್ಸ್‌ನಲ್ಲಿ. 2020ರ ಆಗಸ್ಟ್ 26ರಂದು, ಜೇಕಬ್ ಬ್ಲೇಕ್ ಎಂಬ ಕಪ್ಪು ಮನುಷ್ಯನ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಪ್ರತಿಭಟಿಸಿ ಪ್ಲೇಆಫ್ ಪಂದ್ಯಕ್ಕೆ ಇಳಿಯಲು ನಿರಾಕರಿಸಿದ ತಂಡ ಅದೇ. ಕೋರೊನಾ ಕಾಲ, ಫ್ಲಾರಿಡಾದ ಪ್ರೇಕ್ಷಕರಿಲ್ಲದ ಅಂಕಣ. ಅಲ್ಲಿಗೇ ಅವನ ಆಟ ಮುಗಿಯಿತು. 17 ಋತು, 2,450 ತ್ರೀ ಪಾಯಿಂಟರ್. ಅಂದಿನ ಲೆಕ್ಕಕ್ಕೆ ಅವನಿಗಿಂತ ಹೆಚ್ಚು ಹಾಕಿದವರು ಲೋಕದಲ್ಲಿ ಮೂವರೇ: ರೇ ಅಲೆನ್, ಮಿಲ್ಲರ್, ಕರಿ. ಪ್ರಶಸ್ತಿ ಗೆದ್ದ ತಂಡದವರಿಗೆ ಸಿಗುವ ಚಾಂಪಿಯನ್ ಉಂಗುರ ಒಂದೂ ಇಲ್ಲ. ಬಕ್ಸ್ ಅದನ್ನು ಗೆದ್ದದ್ದು ಅವನು ಬಿಟ್ಟ ಮರುವರ್ಷ.

2021ರಲ್ಲಿ ಅವನಿಗೆ ಆಟಗಾರರನ್ನು ತಿದ್ದುವ ತರಬೇತುದಾರನ ಕೆಲಸ ಸಿಕ್ಕಿತು. ಕೊಟ್ಟವರು ನೆಟ್ಸ್. ಅಷ್ಟರಲ್ಲಿ ಅವರು ನ್ಯೂಜೆರ್ಸಿ ಬಿಟ್ಟು ಬ್ರೂಕ್ಲಿನ್‌ಗೆ ಬಂದು ಒಂಬತ್ತು ವರ್ಷವಾಗಿತ್ತು. ಜೆರಾಕ್ಸ್ ಯಂತ್ರವೋ, ಅವನು ಇನ್ನೂ ಆಡುತ್ತಿದ್ದಾಗಲೇ ಕೆಟ್ಟು ಮೂಲೆ ಸೇರಿತ್ತು.